‘ಖರಾಬು’ ಎಂಬ ಷರಾ

ಪಹಣಿ ಕೈಗೆ ಬಂದ ಕೂಡಲೇ ನಮ್ಮ ಕಡೆಯವರು ನೋಡುವುದು 9ನೇ ಕಾಲಂ. ಅಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಅಣ್ಣತಮ್ಮಂದಿರ ಮಾತು ನಿಂತಿರುತ್ತದೆ. ಆಮೇಲೆ 11ನೇ ಕಾಲಂ, ಬ್ಯಾಂಕಿನ ಸಾಲ ತೀರಿದೆಯೋ ಇಲ್ಲವೋ ಎಂದು. 3ನೇ ಕಾಲಮ್ಮಿನ ಮೇಲೆ ಕಣ್ಣು ಬೀಳುವುದು ಹದ್ದುಬಸ್ತು ಮಾಡಿಸುವ ದಿನ ಮಾತ್ರ. ಅಲ್ಲಿ ಒಂದರ ಕೆಳಗೊಂದು ನಾಲ್ಕು ನಮೂದು: ಒಟ್ಟು ವಿಸ್ತೀರ್ಣ, ಫೂಟ್ ಖರಾಬು ‘ಅ’, ಫೂಟ್ ಖರಾಬು ‘ಬ’, ಉಳಿದದ್ದು. ಉಳಲು ಬಾರದ ಕಲ್ಲು ನೆಲ ‘ಅ’ ಖರಾಬು. ಹಳ್ಳ, ದಾರಿ, ಕೆರೆ, ಸುಡುಗಾಡು ‘ಬ’ ಖರಾಬು. ಎರಡನ್ನೂ ಕಳೆದು ಉಳಿದದ್ದಕ್ಕೆ ಕಂದಾಯ.

ಖರಾಬು ಎಂದರೆ ಕೆಟ್ಟದ್ದು, ಕೆಲಸಕ್ಕೆ ಬಾರದ್ದು. ಮುಂಗಾರಿನಲ್ಲಿ ನಾಲ್ಕೂರಿನ ನೀರನ್ನು ಹೊತ್ತು ಕೆರೆಗೆ ಮುಟ್ಟಿಸುವ ಹಳ್ಳ, ಆ ಹಳ್ಳದ ದಂಡೆಯಲ್ಲಿ ದನಕ್ಕೆ ನೆರಳು ಕೊಡುವ ಹೊಂಗೆ, ಹೆಣ ಹೊತ್ತು ಹೋಗುವ ದಾರಿ, ಎಲ್ಲವೂ ಸರ್ಕಾರದ ಪುಸ್ತಕದಲ್ಲಿ ಖರಾಬು. ಸಿಟ್ಟಿನಿಂದ ಬರೆದದ್ದೇನೂ ಅಲ್ಲ. 19ನೇ ಶತಮಾನದ ಸರ್ವೆಯವರಿಗೆ ಕಂದಾಯ ಕೊಡದ ನೆಲವನ್ನು ಕರೆಯಲು ಒಂದು ಮಾತು ಬೇಕಿತ್ತು, ಷರಾ ಹಾಕಿದರು. ನಿಸರ್ಗ ಮಾಡಿಕೊಡುವ ಕೆಲಸಕ್ಕೆ ಬೆಲೆ ಕಟ್ಟುವುದು ಈಚಿನ ವಿದ್ಯೆ ಎಂದು ಬಲ್ಲವರು ಹೇಳುವಾಗಲೆಲ್ಲ ನನಗೆ ಈ ಪಹಣಿ ನೆನಪಾಗುತ್ತದೆ. ನಮ್ಮ ಹಳ್ಳಕ್ಕೆ ಬೆಲೆ ಕಟ್ಟಿ ನೂರು ವರ್ಷದ ಮೇಲಾಗಿದೆ. ಕಟ್ಟಿದ ಬೆಲೆ ಸೊನ್ನೆ.

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಹಳೇ ಪಿ.ಬಿ. ರಸ್ತೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಒಂದು ಕಡೆ ಭದ್ರಾ ನಾಲೆಯ ನೀರು ಕುಡಿದ ಭತ್ತದ ಗದ್ದೆ, ಇನ್ನೊಂದು ಕಡೆ ಅಂಥದ್ದೇ ಗದ್ದೆಯ ಮೇಲೆ ಕೆಮ್ಮಣ್ಣು ಹೊಡೆದು ಸೈಟು ಕಲ್ಲು ನೆಟ್ಟ ಬಡಾವಣೆ. ನಡುವೆ ದೊಡ್ಡಬಾತಿಯ ಗುಡ್ಡ, ಕೆರೆ. ಎರಡೂ ಊರಿಗೆ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ಜನರ ಬಾಯಲ್ಲಿ ದೂಡಾ. ಗೋಮಾಳ ನೀಲಗಿರಿ ತೋಪಾದದ್ದು, ಭತ್ತ ಅಡಿಕೆಯಾದದ್ದು, ಗದ್ದೆ ಸೈಟಾದದ್ದು, ಕೆರೆ ಉದ್ಯಾನವಾದದ್ದು, ಇಷ್ಟನ್ನೂ ಈ ಸೀಮೆ ಒಂದೇ ತಲೆಮಾರಿನಲ್ಲಿ ಕಂಡಿದೆ. ನೆಲದ ಕಸುಬು ಬದಲಾದಾಗಲೆಲ್ಲ ಯಾವುದಕ್ಕೆ ಎಷ್ಟು ಬೆಲೆ ಎಂಬ ಲೆಕ್ಕವೂ ತಿರುಗಿದೆ. ಆ ಲೆಕ್ಕಗಳನ್ನು ಬರೆದವರು ಯಾರು, ಅವರು ಏನನ್ನು ಬರೆದುಕೊಂಡರು, ಏನನ್ನು ಬಿಟ್ಟರು ಎಂದು ನೋಡುವುದು ಈ ಬರಹದ ಕೆಲಸ. ತಜ್ಞರ ಲೆಕ್ಕವನ್ನು ತೂಗುವಷ್ಟೇ ಕಟ್ಟುನಿಟ್ಟಾಗಿ ಜನರ ಲೆಕ್ಕವನ್ನೂ ತೂಗಬೇಕು ಎಂಬುದು ನನ್ನ ಹಟ.

ಮೊದಲು ತಜ್ಞರದು. 1997ರಲ್ಲಿ, ದಾವಣಗೆರೆ ಜಿಲ್ಲೆಯಾದ ವರ್ಷವೇ, ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇಡೀ ಭೂಮಿಯ ದುಡಿಮೆಗೆ ಬಿಲ್ಲು ಬರೆದರು. ನೀರು ಸೋಸುವುದು, ಮಣ್ಣು ಹಿಡಿದಿಡುವುದು, ಪರಾಗಸ್ಪರ್ಶ ಹೀಗೆ 17 ಬಗೆಯ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರು. ಆಗ ಪ್ರಪಂಚದ ಎಲ್ಲ ದೇಶಗಳ ಒಟ್ಟು ಉತ್ಪನ್ನವೇ 18 ಲಕ್ಷ ಕೋಟಿಯಷ್ಟಿತ್ತು. 2005ರಲ್ಲಿ ವಿಶ್ವಸಂಸ್ಥೆಯ ಸಹಸ್ರಮಾನ ಪರಿಸರ ವ್ಯವಸ್ಥೆ ಸಮೀಕ್ಷೆ ಈ ಸೇವೆಗಳನ್ನು ನಾಲ್ಕು ಗುಂಪು ಮಾಡಿತು: ಒದಗಿಸುವವು, ಹದದಲ್ಲಿಡುವವು, ಮನಸ್ಸಿಗೂ ಸಂಸ್ಕೃತಿಗೂ ಸೇರಿದವು, ಇವೆಲ್ಲಕ್ಕೂ ತಳಹದಿಯಾದವು. ನಮ್ಮಲ್ಲಿ ಇದು ನ್ಯಾಯಾಲಯದ ಮೆಟ್ಟಿಲು ಹತ್ತಿ ಬಂತು. ಅರಣ್ಯ ಸಂರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಕಾಂಚನ್ ಚೋಪ್ರಾ ಸಮಿತಿಯ ವರದಿಯ ನಂತರ, 2008ರಲ್ಲಿ ಸುಪ್ರೀಂ ಕೋರ್ಟು ಕಾಡನ್ನು ಬೇರೆ ಕೆಲಸಕ್ಕೆ ಕೊಡುವಾಗ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ‘ನಿವ್ವಳ ಪ್ರಸ್ತುತ ಮೌಲ್ಯ’ ಕಟ್ಟಿಸಿಕೊಳ್ಳಬೇಕೆಂದು ನಿಗದಿ ಮಾಡಿತು.

ಈ ವಿದ್ಯೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಸೊನ್ನೆಯನ್ನು ಒಡೆದದ್ದು ಅದೇ. ಕಡತದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಒಂದು ಅಂಕಿ ಬಂದರೆ ಗುಮಾಸ್ತನೂ ಒಂದು ಗಳಿಗೆ ನಿಂತು ನೋಡುತ್ತಾನೆ. ಆದರೆ ಬಳಕೆಗೆ ಬಂದಾಗ ಮೂರು ಕಡೆ ಅದು ಎಡವಿತು. ಕಾಡಿನ ಬೆಲೆ ಕಾಡಿಗೆ ಟಿಕೆಟ್ಟಾಯಿತು. ಕಟ್ಟಿದವನಿಗೆ ಕಡಿಯುವ ರಹದಾರಿ. ಎರಡನೆಯದು, ಕಾಗದದ ಮೇಲೆ ಅರಣ್ಯವಾಗಿರುವ ನೆಲಕ್ಕಷ್ಟೇ ಈ ಲೆಕ್ಕ. ದಾವಣಗೆರೆ, ಹರಿಹರದಂಥ ಬಯಲುಸೀಮೆಯ ಊರಿಗೆ ಕಾಡಿನ ಕೆಲಸ ಮಾಡಿಕೊಡುವುದು ಗೋಮಾಳ, ಗುಂಡುತೋಪು, ಹಳ್ಳದ ದಂಡೆ. ಅವು ಕಂದಾಯ ಇಲಾಖೆಯವು. ಅವಕ್ಕೆ ಅಂಥ ಬೆಲೆಯೂ ಇಲ್ಲ.

ಮೂರನೆಯ ಎಡವು ಇನ್ನೂ ಸೂಕ್ಷ್ಮ. ಈ ಕೆರೆ ಉಳಿಯಲು ನೀವು ಎಷ್ಟು ದುಡ್ಡು ಕೊಡಲು ತಯಾರು ಎಂದು ಮನೆಮನೆಗೆ ಹೋಗಿ ಕೇಳಿ ಮೌಲ್ಯ ಲೆಕ್ಕ ಹಾಕುವ ಕ್ರಮವೊಂದಿದೆ. ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್ ಮಾಡುವ ನಿವೃತ್ತ ಅಧಿಕಾರಿ ತಿಂಗಳಿಗೆ ಇನ್ನೂರು ಎನ್ನಬಹುದು. ಅದೇ ಕೆರೆಯಂಗಳದಲ್ಲಿ ಕುರಿ ಮೇಯಿಸುವವನು ಹತ್ತು ರೂಪಾಯಿ ಎಂದಾನು. ಲೆಕ್ಕದ ಪ್ರಕಾರ ಕೆರೆ ಅಧಿಕಾರಿಗೆ ಇಪ್ಪತ್ತು ಪಟ್ಟು ಹೆಚ್ಚು ಬೇಕಾದದ್ದು. ಬದುಕಿನ ಪ್ರಕಾರ? ಅಧಿಕಾರಿಗೆ ಕೆರೆ ಇಲ್ಲದಿದ್ದರೆ ಕಾಲೇಜಿನ ಮೈದಾನವಿದೆ. ಕುರಿಯವನಿಗೆ ಬೇರೆ ನೆಲವಿಲ್ಲ. ಜೇಬನ್ನು ಅಳೆದು ಅದನ್ನೇ ಅಗತ್ಯ ಎಂದು ಬರೆದುಕೊಳ್ಳುವ ಅಳತೆಗೋಲು ಇದು.

ಹಾಗಾದರೆ ಅಳೆಯುವುದೇ ತಪ್ಪೇ? ಅಲ್ಲ. ಆದರೆ ಎಷ್ಟು ಎಂದು ಕೇಳುವ ಮೊದಲು ಯಾವ ಲೆಕ್ಕದ ಪುಸ್ತಕಕ್ಕೂ ಒಂದು ಪರೀಕ್ಷೆ ಕೊಡಬೇಕು: ಇದರಲ್ಲಿ ಪಡೆದವರ ಹೆಸರಿನ ಎದುರು ಕೊಟ್ಟವರ ಹೆಸರೂ ಇದೆಯೇ? ಜಮಾ ಇದ್ದಲ್ಲಿ ಖರ್ಚು ಇದೆಯೇ? ಈ ಪ್ರಶ್ನೆಯನ್ನು ಹಿಡಿದು ನಮ್ಮ ಸೀಮೆಯ ಲೆಕ್ಕಗಳನ್ನು ಒಂದೊಂದಾಗಿ ತೆರೆಯೋಣ.

ಗೋಮಾಳದಿಂದ ಶುರು ಮಾಡಬೇಕು, ಏಕೆಂದರೆ ಊರಿನ ಹೆಸರೇ ಅಲ್ಲಿಗೆ ಒಯ್ಯುತ್ತದೆ. ದಾವಣಿ ಎಂದರೆ ದನಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಾವಣಿ ಹಾಕಿ ದನ ಕಟ್ಟುತ್ತಿದ್ದ ಕೆರೆ ದಾವಣಗೆರೆಯಾಯಿತು ಎಂದು ಹಿರಿಯರು ಹೇಳುತ್ತಾರೆ. ಬೆಣ್ಣೆದೋಸೆಗೂ ಹತ್ತಿ ಮಿಲ್ಲಿಗೂ ಮುಂಚಿನ ಹೆಸರದು. ಅದರಲ್ಲಿ ದನವಿದೆ, ನೀರಿದೆ, ಎರಡೂ ಕೂಡುವ ಊರೊಟ್ಟಿನ ನೆಲವಿದೆ.

ಗೋಮಾಳಕ್ಕೆ ಸರ್ಕಾರದ ಒಂದು ಅಳತೆಯಿದೆ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ 12 ಹೆಕ್ಟೇರು. ಮೇಲ್ನೋಟಕ್ಕೆ ಉದಾರ. ಆದರೆ ಊರಿಗೆ ಟ್ರ್ಯಾಕ್ಟರು ಬಂತು, ಎತ್ತು ಹೋಯಿತು. ನಾಲೆ ಬಂತು, ಹೊಲ ಗದ್ದೆಯಾಯಿತು, ಮೇವಿನ ಜೋಳ ಹೋಯಿತು. ದನದ ಲೆಕ್ಕ ಇಳಿದ ಕೂಡಲೇ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಹೆಚ್ಚುವರಿಯಾದದ್ದನ್ನು ಹಂಚಬಹುದು. ಆ ನೆಲ ಮಳೆ ನೀರನ್ನು ಇಂಗಿಸಿ ಕೆಳಗಿನ ಬಾವಿಗೆ ಕೊಡುತ್ತಿತ್ತು, ಜಾಲಿ ಸೌದೆ ಕೊಡುತ್ತಿತ್ತು, ಹೊಂಗೆ ಬೇವುಗಳು ಜೇನಿಗೆ ಹೂ ಕೊಡುತ್ತಿದ್ದವು, ಇದಾವುದೂ ತಲೆ ಎಣಿಕೆಯಲ್ಲಿ ಇಲ್ಲ. ಖರಾಬು ಎಂಬ ಷರಾದ ಅಣ್ಣನಂತಿರುವ ಲೆಕ್ಕ ಇದು: ನೆಲ ಮಾಡುವ ಹತ್ತು ಕೆಲಸಗಳಲ್ಲಿ ಒಂದನ್ನು ಎಣಿಸಿ, ಅದು ಕಡಿಮೆಯಾದಾಗ ಉಳಿದ ಒಂಬತ್ತನ್ನೂ ವಜಾ ಮಾಡುತ್ತದೆ.

ಈ ಲೆಕ್ಕಕ್ಕೆ ಜನ ಎದುರು ನಿಂತ ದೊಡ್ಡ ಘಟನೆ ನಮ್ಮ ಪಕ್ಕದಲ್ಲೇ ನಡೆಯಿತು. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಮರದಿಂದ ನಾರಿನ ತಿರುಳು ತಯಾರಿಸುವ ಕಾರ್ಖಾನೆಗೆ ಬೇಕಾದದ್ದು ನೀಲಗಿರಿ, ಮತ್ತು ಹೊಳೆಯ ನೀರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸರ್ಕಾರದ ಪಾಲು ಶೇ 51, ಕಾರ್ಖಾನೆಯ ಪಾಲು ಶೇ 49. ಧಾರವಾಡ, ಶಿವಮೊಗ್ಗ ಸೇರಿದಂತೆ ನಡುನಾಡಿನ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ನೆಲವನ್ನು ಅದಕ್ಕೆ ಕೊಟ್ಟು ನೀಲಗಿರಿ ಬೆಳೆಸುವ ಯೋಜನೆ. ಕಡತದಲ್ಲಿ ಆ ನೆಲ ಪಾಳು, ಬಂಜರು. ಊರಿನವರಿಗೆ ಅದು ದನ ಹೊಡೆಯುವ, ಪುಳ್ಳೆ ಆರಿಸುವ, ಹುಲ್ಲು ಕೊಯ್ಯುವ ಜಾಗ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಸಾಹಿತಿ ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷದ ನವೆಂಬರ್ 14ರಂದು ಆ ಸಂಘಟನೆಯ ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕೀಳುವುದು, ಆ ಜಾಗದಲ್ಲಿ ಊರಿಗೆ ಬೇಕಾದ ಸಸಿ ಹಚ್ಚುವುದು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಇದನ್ನು ಚಳವಳಿಯಾಗಿ ಎಲ್ಲರೂ ಹೊಗಳುತ್ತಾರೆ. ಮೌಲ್ಯಮಾಪನವಾಗಿ ಓದಿದರೆ ಇನ್ನಷ್ಟು ತಿಳಿಯುತ್ತದೆ. ಊರಿನವರು ಯಾವ ಪ್ರಶ್ನಾವಳಿಯನ್ನೂ ತುಂಬಲಿಲ್ಲ. ‘ಕಿತ್ತಿಕೋ’ ಎಂಬುದರಲ್ಲಿ ಬೇಡದ್ದರ ಪಟ್ಟಿಯಿತ್ತು, ‘ಹಚ್ಚಿಕೋ’ ಎಂಬುದರಲ್ಲಿ ಬೇಕಾದದ್ದರ ಪಟ್ಟಿ. ನೀಲಗಿರಿಯೂ ಮರವೇ, ಹಸಿರೇ. ಉಪಗ್ರಹದಿಂದ ನೋಡಿದರೆ ಗೋಮಾಳದ ಕುರುಚಲಿಗಿಂತ ಅದೇ ದಟ್ಟ. ಆದರೆ ಅದರ ಎಲೆಯನ್ನು ದನ ಮೂಸುವುದಿಲ್ಲ, ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ, ಅದರ ಕಾಂಡ ಊರಿನ ಒಲೆಗೆ ಬಾರದೆ ಕಾರ್ಖಾನೆಗೆ ಹೋಗುತ್ತದೆ. ಮರ ಎಷ್ಟು ಎಂಬುದಕ್ಕಿಂತ ಮರ ಯಾರಿಗೆ ಎಂಬ ಲೆಕ್ಕವನ್ನು ಸಸಿಯ ಭಾಷೆಯಲ್ಲಿ ಅವರು ಬರೆದರು. ಸರ್ಕಾರಕ್ಕೆ ಇದರ ಒಂದಂಶ ಅರಿವಾಗಲು ಮೂವತ್ತು ವರ್ಷ ಹಿಡಿಯಿತು; ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸೊಗಸಾಗಿರುತ್ತದೆ. ವಿಮರ್ಶೆಗೆ ಆ ಸೌಲಭ್ಯವಿಲ್ಲ. ಕಂಪನಿಯಿಂದ ಉಳಿದ ಊರೊಟ್ಟಿನ ನೆಲ ಊರಿನವರಿಂದ ಉಳಿಯಿತೇ? ಅಪ್ಪಣೆಯಿಲ್ಲದೆ ಸರ್ಕಾರಿ ನೆಲ ಉತ್ತುಕೊಳ್ಳುವ ಬಗರ್ ಹುಕುಂ ಸಾಗುವಳಿಯನ್ನು ಸಕ್ರಮ ಮಾಡಲು ನಮೂನೆ 50, ನಮೂನೆ 53, ಆಮೇಲೆ 2018ರಲ್ಲಿ ನಮೂನೆ 57 ಎಂದು ಸಾಲಾಗಿ ಅರ್ಜಿಗಳು ಬಂದವು. ಭೂಮಿಯಿಲ್ಲದವನು ಎರಡೆಕರೆ ಗೋಮಾಳ ಉತ್ತುಕೊಂಡದ್ದು ನ್ಯಾಯವೇ. ಭೂಮಿ ಇದ್ದವನೂ ಬೇಲಿಯನ್ನು ಹತ್ತು ಹೆಜ್ಜೆ ಮುಂದಕ್ಕೆ ಹಾಕಿದ್ದು ಅದೇ ನ್ಯಾಯದ ನೆರಳಿನಲ್ಲಿ. ಇಡೀ ಊರು ಒಂದು ಕಂಪನಿಯ ಎದುರು ನಿಂತಾಗ ಗೋಮಾಳದ ಬೆಲೆ ಎಲ್ಲರಿಗೂ ಕಂಡಿತು. ಊರು ಊರಿನ ಎದುರೇ ನಿಲ್ಲಬೇಕಾದಾಗ ಆ ಬೆಲೆ ಹೇಳುವವರು ಯಾರೂ ಇರಲಿಲ್ಲ. ನಮ್ಮ ಜನರ ಮೌಲ್ಯಪ್ರಜ್ಞೆ ಹೊರಗಿನವನನ್ನು ಕಂಡಾಗ ಚುರುಕಾಗುತ್ತದೆ, ಒಳಗಿನವನನ್ನು ಕಂಡಾಗ ಮಂಕಾಗುತ್ತದೆ.

ಹರಿಹರದ ಮಟ್ಟಿಗೆ ಒಳಗೆ ಹೊರಗೆ ಎಂಬ ಗೆರೆ ಇನ್ನೂ ಅಸ್ಪಷ್ಟ. ಎಂಬತ್ತರ ದಶಕದಲ್ಲಿ ಹೊಳೆಯಲ್ಲಿ ಮೀನು ಸಾಯುತ್ತಿದೆ, ನೀರು ಕೆಟ್ಟಿದೆ ಎಂದು ಕೆಳದಂಡೆಯ ಊರುಗಳಿಂದ ದೂರು ಎದ್ದಾಗ, ಕಾರ್ಖಾನೆಯ ಸೈರನ್ನಿಗೆ ಎದ್ದು ಸೈಕಲ್ಲು ಹತ್ತುತ್ತಿದ್ದವರೂ ಈ ಸೀಮೆಯವರೇ. ಬೆಸ್ತರಿಗೆ ಹೊಳೆ ಎಂದರೆ ಮೀನು, ಕಾರ್ಮಿಕನಿಗೆ ಹೊಳೆ ಎಂದರೆ ಕಾರ್ಖಾನೆ ನಡೆಯಲು ಬೇಕಾದ ನೀರು, ಅಂದರೆ ಸಂಬಳ. ಜನರ ಲೆಕ್ಕ ಎನ್ನುವಾಗ ನಾವು ಬಳಸುವ ‘ಸಮುದಾಯ’ ಎಂಬ ಮಾತೇ ನುಣ್ಣಗಿನ ದೂರದ ಬೆಟ್ಟ.

ನೀರಿನ ವಿಷಯಕ್ಕೆ ಬಂದರೆ ಇದು ಹಾಡುಹಗಲಿನಷ್ಟು ನಿಚ್ಚಳ. ದಾವಣಗೆರೆ, ಹರಿಹರದ ಗದ್ದೆಗಳಿಗೆ ಜೀವ ಭದ್ರಾ ನಾಲೆ. ಲಕ್ಕವಳ್ಳಿಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಶಿವಮೊಗ್ಗ, ಚನ್ನಗಿರಿ ಕಡೆಯ ತೋಟಗಳನ್ನು ದಾಟಿ ಇಲ್ಲಿಗೆ ಮುಟ್ಟಬೇಕು. ಮಲೇಬೆನ್ನೂರಿನ ಆಚೆಯ ಕೊನೆಭಾಗಕ್ಕೆ ಮುಟ್ಟುವಷ್ಟರಲ್ಲಿ ನಾಲೆ ಸೊರಗಿರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್ ಅಂಡ್ ಆಫ್’ ಕ್ರಮ ಬಂತು. ದಾವಣಗೆರೆಯ ಭತ್ತದ ರೈತರು ಸತತ 100 ದಿನ ನೀರು ಬಿಡಿ ಎಂದು ಬೀದಿಗಿಳಿದರು, ಬಂದ್ ಮಾಡಿದರು. ಮೇಲಿನ ಅಡಿಕೆಯವರಿಗೆ ಬೇಕಿದ್ದದ್ದು ಬೇರೆ: ಈಗ ಹಿಡಿದು ಬಿಡಿ, ಬೇಸಿಗೆಗೆ ತೋಟ ಒಣಗದಂತೆ ಉಳಿಸಿ.

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಭತ್ತ ನೂರು ದಿನದ ಪೈರು; ಹಾಲುಗಟ್ಟುವ ಹೊತ್ತಿಗೆ ನೀರು ತಪ್ಪಿದರೆ ಕೈಗೆ ಬರುವುದು ಜೊಳ್ಳು. ಅಡಿಕೆ ಬಹುಕಾಲದ ಮರ. ಒಂದು ಬೇಸಿಗೆ ಸತ್ತರೆ ಹತ್ತು ವರ್ಷದ ದುಡಿಮೆ ಸತ್ತಂತೆ. ನೀರು ಒಂದೇ, ಕಟ್ಟೆ ಒಂದೇ, ಆದರೆ ಹೊಲದಲ್ಲಿ ಏನಿದೆ ಎಂಬುದು ನೀರಿನ ಬೆಲೆಯನ್ನೂ ಅದು ಬೇಕಾದ ತಿಂಗಳನ್ನೂ ಗೊತ್ತುಮಾಡುತ್ತದೆ. ಹಾಗಾಗಿ ದಾವಣಗೆರೆಯ ಕಡೆಯೂ ಗದ್ದೆಗಳು ಅಡಿಕೆ ತೋಟವಾಗುತ್ತಿರುವುದನ್ನು ಬರೀ ಬೆಳೆ ಬದಲಾವಣೆ ಎನ್ನುವುದು ಸಾಲದು. ಭತ್ತ ತೆಗೆದು ಅಡಿಕೆ ಹಚ್ಚಿದ ರೈತ ಮುಂದಿನ ಬರಗಾಲದ ಸಭೆಯಲ್ಲಿ ಎದುರು ಸಾಲಿನ ಕುರ್ಚಿಗೆ ಹೋಗಿ ಕೂತಿರುತ್ತಾನೆ.

2025ರ ಜೂನಿನಲ್ಲಿ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ಮತ್ತೆ ದಾವಣಗೆರೆ ಬಂದ್ ಆಯಿತು. ಕುಡಿಯುವ ನೀರಿಗೆ ಅಡ್ಡಿಯಿಲ್ಲ, ನಾಲೆ ಸೀಳುವುದಕ್ಕೆ ಅಡ್ಡಿ ಎಂಬುದು ರೈತರ ವಾದ. ಕೊನೆಭಾಗದವರ ಭಯದಲ್ಲಿ ಹುರುಳೂ ಇದೆ. ಆದರೂ ನನ್ನ ಪರೀಕ್ಷೆಯನ್ನು ಇಲ್ಲಿಯೂ ಒಡ್ಡಬೇಕು. ಭದ್ರೆ ಹುಟ್ಟುವುದು ಮಲೆನಾಡಿನ ಶೋಲಾ, ಹುಲ್ಲುಗಾವಲುಗಳಲ್ಲಿ. ಆ ಕಾಡು ಕಾದಷ್ಟು ದಿನ ಕಟ್ಟೆ ತುಂಬುತ್ತದೆ. ಕಟ್ಟೆಯಲ್ಲಿ 186 ಅಡಿ ನೀರು ಬಂತೆಂದು ಬಾಗಿನ ಬಿಡುವಾಗ, ನೀರು ಕಡಿಮೆಯಾಯಿತೆಂದು ಬಂದ್ ಮಾಡುವಾಗ, ಎರಡರಲ್ಲೂ ಆ ಕಾಡಿನ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ನಾಲೆಯ ತೂಬಿನಿಂದ ಮೇಲಕ್ಕೆ ನಮ್ಮ ಲೆಕ್ಕ ಹೋಗುವುದೇ ಇಲ್ಲ.

ಕೆರೆಗಳಲ್ಲಿ ಇದೇ ಮರೆವು ಕಾಂಕ್ರೀಟಿನಲ್ಲಿ ಗಟ್ಟಿಯಾಗಿದೆ. ಹಳೆಯ ಕೆರೆಯೊಂದಕ್ಕೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಇದ್ದ ಹಾಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವ ಸರದಿ ಎಂದು ನೋಡಿಕೊಳ್ಳುವ ಅವನಿಗೆ ಕಣದಲ್ಲಿ ಇಷ್ಟು ಎಂದು ಕಾಳು. ಬೇಸಿಗೆಯಲ್ಲಿ ಗೋಡುಮಣ್ಣು ಹೊಡೆದುಕೊಂಡವನು ಕೆರೆಯ ಹೂಳನ್ನೂ ತೆಗೆದಂತಾಗುತ್ತಿತ್ತು. ಜಾತಿಯ ಕಟ್ಟು, ಬಿಟ್ಟಿಯ ದುಡಿಮೆ ಅದರೊಳಗೇ ಇತ್ತು, ಹಾಗಾಗಿ ಅದನ್ನು ಹಾಡಿ ಹೊಗಳಬೇಕಿಲ್ಲ. ಆದರೆ ಒಂದು ಗುಣ ಅದಕ್ಕಿತ್ತು: ಕೆರೆಗೆ ನೀರು ತರುವ ಹಳ್ಳದಲ್ಲಿ ಯಾರಾದರೂ ಒಡ್ಡು ಹಾಕಿದರೆ ಕೆಳಗಿನ ಗದ್ದೆಯವನು ಮರುದಿನವೇ ಜಗಳಕ್ಕೆ ಬರುತ್ತಿದ್ದ.

ಈಗ? ತುಂಗಭದ್ರೆಯ ನೀರನ್ನು ಹರಿಹರದ ಬಳಿ ರಾಜನಹಳ್ಳಿಯಲ್ಲಿ ಎತ್ತಿ 22 ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆ ಬಂದಿದೆ. ಬೋರುಗಳು ಬತ್ತಿದ ಊರುಗಳಿಗೆ ಅದು ಮರುಜೀವ. ಆ ಉಪಕಾರವನ್ನು ಅಲ್ಲಗಳೆಯುವವನು ಒಂದು ಬೇಸಿಗೆ ಅಲ್ಲಿದ್ದು ನೋಡಲಿ. ಆದರೆ ಪೈಪಿನಿಂದ ತುಂಬುವ ಕೆರೆಗೆ ಹಳ್ಳದ ಹಂಗಿಲ್ಲ. ಹಳ್ಳ ಮುಚ್ಚಿದರೂ ಕೆರೆ ತುಂಬುತ್ತದೆ, ಹಾಗಾಗಿ ಮುಚ್ಚಿದವನ ಮೇಲೆ ಜಗಳಕ್ಕೆ ಹೋಗುವವರಿಲ್ಲ. ಪಹಣಿಯಲ್ಲಿ ಮಾತ್ರ ಖರಾಬಾಗಿದ್ದ ಹಳ್ಳ ಜನರ ಮನಸ್ಸಿನಲ್ಲೂ ಖರಾಬಾಗುವುದು ಹೀಗೆ. ನೂರು ವರ್ಷಕ್ಕೂ ಹಿಂದಿನ ಸರ್ವೆಯವನ ಷರಾಕ್ಕೆ ನಾವು ಈಗ ಸಹಿ ಹಾಕುತ್ತಿದ್ದೇವೆ.

ದಾವಣಗೆರೆಯ ಕುಂದುವಾಡ ಕೆರೆ ನಗರಕ್ಕೆ ಕುಡಿಯುವ ನೀರನ್ನು ಸಂಗ್ರಹಿಸುವ ಕೆರೆ, ಬೆಳಿಗ್ಗೆ ಸಂಜೆ ವಾಕಿಂಗಿನವರ ತಾಣ, ಹಕ್ಕಿಗಳ ನೆಲೆ. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಊರು ತನ್ನ ಕೆರೆಯ ಕಾಮಗಾರಿಗೆ ಕೈಹಾಕಿದಾಗ, ಹಕ್ಕಿಗಳಿಗೆ ತೊಂದರೆಯಾಗುತ್ತದೆ ಎಂಬ ಆಕ್ಷೇಪವೂ ಎದ್ದಿತು. ಅದನ್ನು ಎತ್ತಿದವರು ಬಹುಪಾಲು ದಿನಾ ಕೆರೆಗೆ ಬರುವ ನಗರದವರೇ. ಇದು ಒಳ್ಳೆಯ ಸುದ್ದಿ. ಪೇಟೆಯ ಜನಕ್ಕೆ ಕೆರೆಯ ಬೆಲೆ ಗೊತ್ತಿಲ್ಲ ಎನ್ನುವವರಿಗೆ ಇದು ಉತ್ತರ. ಆದರೆ ವಾಕಿಂಗ್ ಪಥದಿಂದ ಕಾಣುವ ಕೆರೆ ನೀರಿನ ಹಾಳೆಯಷ್ಟೇ. ಕೆರೆಯ ಹಿಂದಿನ ಗದ್ದೆ, ಗದ್ದೆಯ ಹಿಂದಿನ ಹಳ್ಳ, ಹಳ್ಳದ ಮೇಲೆ ಎದ್ದ ಬಡಾವಣೆ ಆ ದೃಶ್ಯದ ಚೌಕಟ್ಟಿನಾಚೆ. ನೋಟಕ್ಕೆ ಸಿಕ್ಕಿದ್ದನ್ನು ಉಳಿಸಿಕೊಳ್ಳುವ ಪ್ರೀತಿ ಅಲ್ಲಿದೆ. ನೋಟಕ್ಕೆ ಸಿಗದ್ದನ್ನು ಕೇಳುವ ಅಭ್ಯಾಸ ಇನ್ನೂ ಬರಬೇಕು.

ಹರಿಹರಕ್ಕೆ ಹೋದರೆ ಭಕ್ತಿಯ ಲೆಕ್ಕ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ ಹೊಳೆಯ ದಂಡೆಯಲ್ಲಿದೆ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹಳ್ಳ ಇಲ್ಲೇ ತುಂಗಭದ್ರೆಗೆ ಸೇರುತ್ತದೆ. ಸಾಂಸ್ಕೃತಿಕ ಸೇವೆ ಎಂದು ತಜ್ಞರು ಬರೆಯುವ ಕಾಲಂ ಇಲ್ಲಿ ತುಂಬಿ ತುಳುಕುತ್ತದೆ: ಸಂಕ್ರಾಂತಿಯ ಸ್ನಾನ, ಅಮಾವಾಸ್ಯೆಯ ತರ್ಪಣ, ಈಚೆಗೆ ಕಾಶಿಯ ಮಾದರಿಯಲ್ಲಿ ತುಂಗಾ ಆರತಿಗೆಂದು ಮಂಟಪಗಳ ಕೆಲಸ. ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಅಜ್ಜಯ್ಯನ ಭಕ್ತರು ಮಿಂದು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುತ್ತಾರೆ. ಪೀಡೆ ನೀರಿನೊಡನೆ ಹೋಗುತ್ತದೆ ಎಂಬ ನಂಬಿಕೆ.

ಈ ಶ್ರದ್ಧೆಯನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಪೀಡೆ ಹೊತ್ತು ಬಂದವರ ಸಂಕಟ ನಿಜವಾದದ್ದು. ಆದರೆ ಅದು ಹೋಗುವುದು ಎಲ್ಲಿಗೆ? ಕೆಳಗಿನ ಊರಿಗೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ದೇಶದ 351 ಕಲುಷಿತ ನದಿ ಭಾಗಗಳಲ್ಲಿ ಹರಿಹರದಿಂದ ಹರಳಹಳ್ಳಿ ಸೇತುವೆವರೆಗಿನ ತುಂಗಭದ್ರೆಯೂ ಇತ್ತು. ಆ ಭಾಗ ಎಲ್ಲಿಂದ ಶುರುವಾಗುತ್ತದೆ ನೋಡಿ: ನಮ್ಮ ಘಾಟಿನಿಂದ. ನಮ್ಮ ಪೂಜೆಗೆ ನೀರು ಮೇಲಿನಿಂದ ಬರುತ್ತದೆ, ನಮ್ಮ ಚರಂಡಿ ಕೆಳಗೆ ಹೋಗುತ್ತದೆ. ಇವೆರಡರ ನಡುವೆ ನಿಂತು ನಾವು ಆರತಿ ಎತ್ತುತ್ತೇವೆ. ಭಕ್ತಿ ಹೊಳೆಗೆ ಬಹಳ ದೊಡ್ಡ ಬೆಲೆ ಕಟ್ಟುತ್ತದೆ. ಬಿಲ್ಲನ್ನು ಮಾತ್ರ ಕೆಳದಂಡೆಯವರಿಗೆ ಕಳಿಸುತ್ತದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊಳೆಗುಂಟ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹರಿಹರವನ್ನೂ ಮುಟ್ಟಿತು. ಅದರ ಬೆಲೆಯಿರುವುದು ಭಾಷಣಗಳಿಗಿಂತ ಆ ನಡಿಗೆಯ ದಾರಿಯಲ್ಲಿ: ಮೇಲಿನವರೂ ಕೆಳಗಿನವರೂ ಒಂದೇ ಸಾಲಿನಲ್ಲಿ ನಡೆದದ್ದರಲ್ಲಿ.

ಕೊಟ್ಟವರನ್ನೂ ಪಡೆದವರನ್ನೂ ಒಂದೇ ಪುಸ್ತಕದಲ್ಲಿ ಬರೆಯುವ ಕಾನೂನು ನಮ್ಮಲ್ಲಿ ಇಲ್ಲವೇ? ಹತ್ತಿರಕ್ಕೆ ಬರುವ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಯಾವ ಗಿಡ, ಯಾವ ಹಕ್ಕಿ, ಯಾವ ಜಾಗ, ಯಾರ ತಿಳಿವಳಿಕೆ ಎಂದು ಊರಿನವರೇ ಹೇಳಿ ಬರೆಸುವ ಪುಸ್ತಕ. ಕಲ್ಪನೆ ಘನವಾದದ್ದು. ಆದರೆ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದ ಎಲ್ಲೆಡೆ ಅವಸರದಲ್ಲಿ ತುಂಬಿದ ಪುಸ್ತಕಗಳು ತಯಾರಾದವು. ಹೆಸರಿನ ಪಟ್ಟಿ ಮುಗಿದರೆ ದಾಖಲಾತಿ ಮುಗಿಯಿತು ಎಂದುಕೊಂಡರೆ ಅದೂ ಇನ್ನೊಂದು ಪಹಣಿ. ಈ ಹಳ್ಳ ತುಂಬಿದರೆ ಯಾರ ಬಾವಿ ತುಂಬುತ್ತದೆ, ಮುಚ್ಚಿದರೆ ಯಾರ ಮನೆಗೆ ನೀರು ನುಗ್ಗುತ್ತದೆ ಎಂಬ ಎರಡು ಸಾಲು ಅದರಲ್ಲಿ ಸೇರಿದ ದಿನ ಅದರ ಹೆಸರು ಸಾರ್ಥಕ.

ಅಂಥ ಎರಡು ಸಾಲಿನ ಲೆಕ್ಕ ಹೇಗಿರುತ್ತದೆ ಎಂದು ತಿಳಿಯಲು ಭತ್ತ ಕೊಯ್ದ ಮೇಲೆ ನಮ್ಮ ಗದ್ದೆಗಳ ಕಡೆ ಹೋಗಬೇಕು. ಕೂಳೆ ನಿಂತ ಗದ್ದೆಗೆ ಕುರಿ ಮಂದೆ ಬರುತ್ತದೆ. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಲು ರೈತನೂ ಕುರಿಯವನೂ ಮಾತಿಗೆ ಕೂರುತ್ತಾರೆ: ಎಷ್ಟು ಕುರಿ, ಎಷ್ಟು ರಾತ್ರಿ, ದುಡ್ಡೋ ಭತ್ತವೋ, ರಾತ್ರಿ ಊಟ ಯಾರದು. ಹಿಕ್ಕೆ, ಗಂಜಲ ಗದ್ದೆಗೆ. ಕೂಳೆ, ಕೂಲಿ ಕುರಿಯವನಿಗೆ. ಪರಿಸರ ಸೇವೆಗೆ ಹಣ ಪಾವತಿ ಎಂದು ಈಗ ಪ್ರಪಂಚ ಹೊಸದಾಗಿ ಕಲಿಯುತ್ತಿರುವುದನ್ನು ಈ ಜನ ಬದುವಿನ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು ಇತ್ಯರ್ಥ ಮಾಡುತ್ತ ಬಂದಿದ್ದಾರೆ. ಕೊಡುವವನು ಎದುರಿಗೇ ಕೂತಿರುತ್ತಾನೆ. ಅವನಿಲ್ಲದೆ ದರ ಕುದುರುವುದಿಲ್ಲ. ನಾನು ನೋಡಿದ ಲೆಕ್ಕಗಳಲ್ಲಿ ಪರೀಕ್ಷೆಯನ್ನು ಪಾಸು ಮಾಡುವುದು ಇದೊಂದೇ. ಅದೂ ಅರ್ಧ. ಏಕೆಂದರೆ ಗದ್ದೆಯಲ್ಲಿ ಪೈರು ನಿಂತ ತಿಂಗಳುಗಳಲ್ಲಿ ಆ ಮಂದೆಯನ್ನು ಸಾಕಿದ್ದು ಗೋಮಾಳ, ಹಳ್ಳದ ದಂಡೆ, ಕೆರೆಯಂಗಳ. ರೈತ ಕೊಡುವ ಕೂಲಿಯಲ್ಲಿ ಅವಕ್ಕೆ ಪಾಲಿಲ್ಲ. ಅವು ಹೋದರೆ ಮಂದೆ ಹೋಗುತ್ತದೆ, ಮಂದೆ ಹೋದರೆ ರೈತ ಗೊಬ್ಬರದ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಾನೆ, ಮತ್ತು ಗೋಮಾಳಕ್ಕೂ ತನ್ನ ಚೀಲದ ಬೆಲೆಗೂ ಏನು ಸಂಬಂಧ ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಮೊನ್ನೆ ಸಂಜೆ ಹರಿಹರದಿಂದ ಬರುವಾಗ ದೊಡ್ಡಬಾತಿಯ ಈಚೆಗೆ ಒಂದು ಬಡಾವಣೆಯಲ್ಲಿ ಮಂದೆಯೊಂದು ಕಂಡಿತು. ಕಮಾನಿದೆ, ಡಾಂಬರು ರಸ್ತೆಯಿದೆ, ದೀಪದ ಕಂಬವಿದೆ, ಮನೆ ಒಂದೋ ಎರಡೋ. ಸೈಟು ಕಲ್ಲುಗಳ ನಡುವೆ ಮಳೆಗೆ ಎದ್ದ ಹುಲ್ಲನ್ನು ಕುರಿಗಳು ಮೇಯುತ್ತಿದ್ದವು. ಕುರಿಯವನು ಕಂಬಳಿ ಹೆಗಲಿಗೆ ಹಾಕಿಕೊಂಡು ಮೂವತ್ತು ನಲವತ್ತರ ಅಳತೆಯ ಸೈಟಿನ ಮೂಲೆಗಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಸಿಮೆಂಟಿನ ಚರಂಡಿ, ಒಂದು ಕಾಲಕ್ಕೆ ಅದು ಹಳ್ಳವಾಗಿತ್ತು ಎಂಬುದು ಅದರ ತಿರುವಿನಿಂದಲೇ ಗೊತ್ತಾಗುತ್ತಿತ್ತು. ಅಷ್ಟು ನೇರವಾದ ನಕ್ಷೆಯಲ್ಲಿ ಬೇರಾವುದಕ್ಕೂ ಅಂಥ ತಿರುವಿರಲಿಲ್ಲ. ಆ ನೂರೈವತ್ತು ಕುರಿಗಳು ಇನ್ನು ಎರಡು ತಿಂಗಳಿಗೆ ಯಾರದೋ ಗದ್ದೆಯಲ್ಲಿ ನಿಲ್ಲುತ್ತವೆ. ಆಗ ಎಷ್ಟು ಕುರಿ, ಎಷ್ಟು ರಾತ್ರಿ ಎಂದು ಕೇಳುವ ರೈತ, ಇಷ್ಟು ದಿನ ಎಲ್ಲಿ ಮೇಯಿಸಿದೆ ಎಂದು ಒಂದು ಮಾತು ಕೇಳಿದರೆ, ಆ ಮಾತಿನಿಂದ ನಮ್ಮ ಲೆಕ್ಕ ಶುರುವಾಗಬಹುದು.